ಸಾಬೂನಿನ ಹೆಸರು ಯಾರ ಸ್ವತ್ತು? ಸ್ವಸಹಾಯ ಸಂಘಗಳ ಬ್ರ್ಯಾಂಡ್ ಹಾಗೂ ಜಾಲತಾಣ ಕುರಿತು ಸದಸ್ಯರ ಗಮನಕ್ಕೆ

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮಹಿಳಾ ಸ್ವಸಹಾಯ ಸಂಘಗಳು ಕೈಗೊಳ್ಳುವ ಜೀವನೋಪಾಯ ಚಟುವಟಿಕೆಗಳಲ್ಲಿ ಕೈಯಿಂದ ತಯಾರಿಸುವ ಸಾಬೂನೂ ಒಂದು. ಇದಕ್ಕೆ ಬೇಕಾದ ಆರಂಭಿಕ ಬಂಡವಾಳ ಕಡಿಮೆ. ಕೊಬ್ಬರಿ, ಹೊಂಗೆ, ಬೇವು, ಹಿಪ್ಪೆ ಮೊದಲಾದ ಎಣ್ಣೆಗಳು ಸುತ್ತಮುತ್ತಲೇ ದೊರೆಯುತ್ತವೆ. ತಯಾರಿಕೆಯ ತರಬೇತಿ ಕೆಲವೇ ದಿನಗಳದ್ದು. ಒಂದೆರಡು ಮೇಳಗಳಲ್ಲಿ ಮಾರಾಟ ಚೆನ್ನಾಗಿ ಆದ ನಂತರ ಮುಂದಿನ ಪ್ರಶ್ನೆ ಸಹಜವಾಗಿಯೇ ಎದುರಾಗುತ್ತದೆ: ಇದಕ್ಕೊಂದು ಹೆಸರು, ಲಾಂಛನ, ಜಾಲತಾಣ ಬೇಡವೇ? ಆಗ 'ಬ್ರ್ಯಾಂಡಿಂಗ್ ಹಾಗೂ ವೆಬ್‌ಸೈಟ್' ಎಂಬ ಒಂದೇ ಸಾಲಿನ ಅಂದಾಜು ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದ ಮುಂದೆ, ಅಲ್ಲಿಂದ ಪಂಚಾಯಿತಿಯ ಸಭೆಯ ಮುಂದೆ ಬರುತ್ತದೆ. ಚರಂಡಿಯ ಅಂದಾಜು ಪಟ್ಟಿಯಲ್ಲಿ ಜಲ್ಲಿ ಎಷ್ಟು, ಸಿಮೆಂಟು ಎಷ್ಟು ಎಂದು ಬಿಡದೆ ಕೇಳುವ ಸದಸ್ಯರು ಈ ಒಂದು ಸಾಲಿನ ಮುಂದೆ ಮಾತ್ರ ಮೌನ ವಹಿಸುವುದುಂಟು. ಆ ಸಾಲಿನೊಳಗೆ ಏನೇನು ಅಡಗಿದೆ, ಹಣ ಪಾವತಿಯಾದ ಮೇಲೆ ಸಂಘದ ಕೈಯಲ್ಲಿ ನಿಜವಾಗಿ ಏನು ಉಳಿಯಬೇಕು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಬ್ರ್ಯಾಂಡ್ ಎಂದರೆ ಚಿತ್ರವಷ್ಟೇ ಅಲ್ಲ

ಬ್ರ್ಯಾಂಡ್ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಶತಮಾನ ದಾಟಿದ ಉದಾಹರಣೆ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನದ ಶ್ರೀಗಂಧದ ರಫ್ತು ಕುಂಠಿತವಾದಾಗ, ನಾಲ್ವಡಿ ಕೃಷ್ಣರಾಜ ಒಡೆಯರ್ ಹಾಗೂ ದಿವಾನ್ ಎಂ. ವಿಶ್ವೇಶ್ವರಯ್ಯನವರ ಆಡಳಿತವು ಕೊರಡನ್ನು ಹೊರಗೆ ಕಳುಹಿಸುವ ಬದಲು 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ತೆಗೆಯುವ ಕಾರ್ಖಾನೆಯನ್ನು ಆರಂಭಿಸಿತು. ಆ ಎಣ್ಣೆಯಿಂದ ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಇದರ ಹಿಂದಿದ್ದ ರಸಾಯನ ತಜ್ಞ ಎಸ್.ಜಿ. ಶಾಸ್ತ್ರಿಯವರು ಸುವಾಸನೆಯಷ್ಟೇ ಗಮನವನ್ನು ಹೊರರೂಪಕ್ಕೂ ಕೊಟ್ಟರು. ಚೌಕದ ಬಿಲ್ಲೆಗಳ ನಡುವೆ ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯನ್ನು ಹೋಲುವ ರಟ್ಟಿನ ಡಬ್ಬಿ, ಸಿಂಹದ ಮೈ ಹಾಗೂ ಆನೆಯ ತಲೆಯ ಶರಭ ಲಾಂಛನ. ಅಕ್ಷರ ಓದಲು ಬಾರದವರೂ ಅಂಗಡಿಯಲ್ಲಿ ಆ ಡಬ್ಬಿಯನ್ನು ಬೆರಳು ಮಾಡಿ ಕೇಳಬಲ್ಲವರಾದರು.

ಆದರೆ ಡಬ್ಬಿಯೊಳಗೆ ಪ್ರತಿ ಬಾರಿಯೂ ಅದೇ ಗಂಧದ ವಾಸನೆ ಇರದಿದ್ದರೆ ಶರಭನ ಚಿತ್ರ ಏನನ್ನೂ ಉಳಿಸುತ್ತಿರಲಿಲ್ಲ. ಕಳೆದ ತಿಂಗಳು ಕೊಂಡ ಬಿಲ್ಲೆಯೂ ಈ ತಿಂಗಳು ಕೊಂಡ ಬಿಲ್ಲೆಯೂ ಒಂದೇ ಆಗಿರುತ್ತದೆ ಎಂಬ ನಂಬಿಕೆಯನ್ನು ಗುರುತಿಸಲು ಇಟ್ಟ ಗುರುತೇ ಬ್ರ್ಯಾಂಡ್. ಆದ್ದರಿಂದ ಲಾಂಛನದ ಬಗ್ಗೆ ಚರ್ಚಿಸುವ ಮೊದಲು ಸದಸ್ಯರು ಸಂಘದ ತಯಾರಿಕಾ ಪುಸ್ತಕವನ್ನು ನೋಡುವುದು ಒಳಿತು. ಪ್ರತಿ ಎಣ್ಣೆಗೂ ಬೇಕಾದ ಕಾಸ್ಟಿಕ್ ಸೋಡಾದ ಪ್ರಮಾಣ ಬೇರೆ. ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 180 ಗ್ರಾಂ, ಹೊಂಗೆ ಎಣ್ಣೆಗೆ ಸುಮಾರು 130 ಗ್ರಾಂ ಬೇಕಾಗುತ್ತದೆ. ಕೊಬ್ಬರಿ ಎಣ್ಣೆ ದುಬಾರಿಯಾಯಿತೆಂದು ಹೊಂಗೆ ಎಣ್ಣೆ ಹೆಚ್ಚಿಸಿ ಸೋಡಾವನ್ನು ಹಾಗೆಯೇ ಬಿಟ್ಟರೆ ಉಳಿದ ಕ್ಷಾರವು ಬಳಸುವವರ ಚರ್ಮವನ್ನು ಸುಡುತ್ತದೆ. ಯಾವ ದಿನ ಯಾವ ಎಣ್ಣೆ ಎಷ್ಟು, ಸೋಡಾ ಎಷ್ಟು, ಅಚ್ಚಿನಿಂದ ತೆಗೆದದ್ದು ಎಂದು ಎಂಬ ಬರಹ ಇಲ್ಲದ ಸಂಘಕ್ಕೆ ಲಾಂಛನ ಮಾಡಿಸಿಕೊಡುವುದು ಅಡಿಪಾಯವಿಲ್ಲದೆ ಸುಣ್ಣ ಬಳಿದಂತೆ.

ಪರವಾನಗಿಯ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಮೈಗೆ ಹಚ್ಚುವ ಸಾಬೂನು 1940ರ ಔಷಧ ಹಾಗೂ ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ಸೌಂದರ್ಯವರ್ಧಕ. 2020ರ ಸೌಂದರ್ಯವರ್ಧಕ ನಿಯಮಗಳಂತೆ ಮಾರಾಟಕ್ಕಾಗಿ ತಯಾರಿಸುವವರು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ತಯಾರಿಕಾ ಪರವಾನಗಿ ಪಡೆಯಬೇಕು. ಸೂಕ್ತ ಕಟ್ಟಡ, ಅರ್ಹ ತಾಂತ್ರಿಕ ಸಿಬ್ಬಂದಿ ಇದಕ್ಕೆ ಅಗತ್ಯ. ಹತ್ತು ಮಂದಿಯ ಒಂದು ಸಂಘಕ್ಕೆ ಇದು ಭಾರವಾಗುವುದರಿಂದ ಹಲವು ಸಂಘಗಳು ಸೇರಿ ಒಕ್ಕೂಟದ ಮಟ್ಟದಲ್ಲಿ ಒಂದೇ ಘಟಕ ನಡೆಸುವುದು, ಅಥವಾ ಈಗಾಗಲೇ ಪರವಾನಗಿ ಇರುವ ಘಟಕದಲ್ಲಿ 'ಲೋನ್ ಲೈಸೆನ್ಸ್' ಪಡೆದು ತಮ್ಮ ಹೆಸರಿನಲ್ಲಿ ತಯಾರಿಸುವುದು ಹೆಚ್ಚು ಕಾರ್ಯಸಾಧ್ಯ. ಪರವಾನಗಿ ಇಲ್ಲದೆ ಜಾಲತಾಣ ತೆರೆಯುವುದೆಂದರೆ ಕೊರತೆಯನ್ನು ಊರಿಗೆಲ್ಲ ಪ್ರಕಟಿಸಿದಂತೆ. ಮೇಳದ ಮೇಜಿನ ಮೇಲೆ ಯಾರೂ ಕೇಳದ ಸಂಖ್ಯೆಯನ್ನು ಜಾಲತಾಣದಲ್ಲಿ ಮೊದಲು ಹುಡುಕುವವರು ಅಧಿಕಾರಿಗಳು ಹಾಗೂ ಸಗಟು ಖರೀದಿದಾರರು.

ಹೆಸರಿನ ಆಯ್ಕೆ

ಸಂಘಗಳು ಸಾಮಾನ್ಯವಾಗಿ ಮೂರು ಬಗೆಯ ಹೆಸರುಗಳತ್ತ ವಾಲುತ್ತವೆ: ಸರಕಿನ ಗುಣ ಹೇಳುವ ಹೆಸರು, ಊರಿನ ಹೆಸರು, ದೇವರ ಹೆಸರು. ಮೂರೂ ಮನಸ್ಸಿಗೆ ಹತ್ತಿರ, ಆದರೆ ಕಾನೂನಿನ ದೃಷ್ಟಿಯಲ್ಲಿ ದುರ್ಬಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಂನಂತೆ ಸರಕಿನ ಗುಣವನ್ನಾಗಲೀ ಅದು ಬಂದ ಸ್ಥಳವನ್ನಾಗಲೀ ಹೇಳುವ ಪದಗಳಷ್ಟೇ ಇರುವ ಹೆಸರಿಗೆ ನೋಂದಣಿ ಸಿಗುವುದು ಕಷ್ಟ. 'ಶುದ್ಧ ಕೊಬ್ಬರಿ ಸಾಬೂನು' ಎಂಬುದನ್ನು ಯಾರು ಬೇಕಾದರೂ ಬರೆಯಬಹುದು. ಅದನ್ನು ಒಬ್ಬರಿಗೇ ಬಿಟ್ಟುಕೊಡಲಾಗದು. ದೇವರ ಹೆಸರಿನಲ್ಲಿ ಆಗಲೇ ಅನೇಕ ಅರ್ಜಿಗಳಿರುತ್ತವೆ. ಅದರ ಮೇಲೆ, ದೇವರ ಚಿತ್ರವಿರುವ ಹೊದಿಕೆ ಬಚ್ಚಲಿನ ಕಸದಲ್ಲಿ ಬೀಳುವುದನ್ನು ಯಾರೂ ಇಷ್ಟಪಡುವುದಿಲ್ಲ. ಪ್ರಸಿದ್ಧ ಸಾಬೂನಿನ ಹೆಸರನ್ನು ಹೋಲುವ ಹೆಸರಂತೂ ನೇರವಾಗಿ ವ್ಯಾಜ್ಯಕ್ಕೆ ಆಹ್ವಾನ.

ಸಾಬೂನಿಗೆ ನೇರ ಸಂಬಂಧವಿಲ್ಲದ, ಆದರೆ ಬಾಯಲ್ಲಿ ನಿಲ್ಲುವ ಎರಡು ಮೂರು ಅಕ್ಷರಗಳ ಪದವೇ ಮೇಲು. ಕಣಜ, ಬುಗುರಿ, ಗೆಜ್ಜೆ ಇಂಥ ಪದಗಳ ಜಾತಿಯಲ್ಲಿ ಹುಡುಕಬಹುದು. ಇವು ಉದಾಹರಣೆಗಳು ಮಾತ್ರ. ಯಾವ ಪದವನ್ನೇ ಆರಿಸಿದರೂ ಟ್ರೇಡ್‌ಮಾರ್ಕ್ ನೋಂದಣಿ ಇಲಾಖೆಯ ಸಾರ್ವಜನಿಕ ಹುಡುಕಾಟದಲ್ಲಿ 3ನೇ ವರ್ಗದಡಿ ಪರಿಶೀಲಿಸಬೇಕು. ಸಾಬೂನು ಬರುವುದು ಆ ವರ್ಗದಲ್ಲಿ. ಹುಡುಕಾಟಕ್ಕೆ ಶುಲ್ಕವಿಲ್ಲ. ಅರ್ಜಿಗೆ ಆನ್‌ಲೈನ್ ಶುಲ್ಕ ಸಣ್ಣ ಉದ್ಯಮಗಳಿಗೆ 4,500 ರೂಪಾಯಿ, ಇತರರಿಗೆ 9,000 ರೂಪಾಯಿ. ಉದ್ಯಮ್ ನೋಂದಣಿ ಪತ್ರವನ್ನು ಮೊದಲೇ ಪಡೆದಿದ್ದರೆ ಕಡಿಮೆ ಶುಲ್ಕ ಅನ್ವಯಿಸುತ್ತದೆ. ಉದ್ಯಮ್ ನೋಂದಣಿ ಉಚಿತ. ಟ್ರೇಡ್‌ಮಾರ್ಕ್ ನೋಂದಣಿಯಾದರೆ ಹತ್ತು ವರ್ಷ ಊರ್ಜಿತ, ಬಳಿಕ ನವೀಕರಿಸಬಹುದು. ನೋಂದಣಿ ಆಗುವವರೆಗೆ ಹೆಸರಿನ ಪಕ್ಕದಲ್ಲಿ 'ಟಿಎಂ' ಎಂದು ಬರೆಯಬಹುದೇ ಹೊರತು ವೃತ್ತದೊಳಗಿನ ಆರ್ ಅಕ್ಷರವನ್ನು ಬಳಸಕೂಡದು, ಅದು ಶಿಕ್ಷಾರ್ಹ. ಹಲವು ಸಂಘಗಳು ಒಂದೇ ಹೆಸರು ಬಳಸುವುದಿದ್ದರೆ ಒಕ್ಕೂಟದ ಹೆಸರಿನಲ್ಲಿ 'ಸಾಮೂಹಿಕ ಗುರುತು' ಪಡೆಯಲೂ ಇದೇ ಕಾಯ್ದೆಯಲ್ಲಿ ಅವಕಾಶವಿದೆ.

ಲಾಂಛನ ಹಾಗೂ ಹೊದಿಕೆ

ಲಾಂಛನದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಎರಡು ಸೆಂಟಿಮೀಟರ್ ಅಗಲಕ್ಕೆ ಕುಗ್ಗಿಸಿದಾಗಲೂ ಓದಲು ಬರಬೇಕು, ಒಂದೇ ಬಣ್ಣದಲ್ಲಿ ಮುದ್ರಿಸಿದರೂ ಗುರುತು ಸಿಗಬೇಕು, ಮೊಬೈಲಿನ ಸಣ್ಣ ದುಂಡು ಚಿತ್ರದೊಳಗೆ ಕೂರಬೇಕು. ಒತ್ತಕ್ಷರಗಳ ಕಾರಣ ಕನ್ನಡದ ಹೆಸರು ಕೆಳಕ್ಕೂ ಬೆಳೆಯುತ್ತದೆ. ಇಂಗ್ಲಿಷಿಗೆ ಮಾಡಿದ ವಿನ್ಯಾಸದಲ್ಲಿ ಕನ್ನಡವನ್ನು ತುರುಕಿದರೆ ಒತ್ತುಗಳು ಕತ್ತರಿಸಿಹೋಗುತ್ತವೆ. ವಿನ್ಯಾಸಕಾರರು ಕನ್ನಡದಲ್ಲೇ ಮೊದಲು ಬರೆದು ತೋರಿಸಲಿ. ಬಾಲೂ ತಮ್ಮ, ನೋಟೊ ಸಾನ್ಸ್ ಕನ್ನಡ ಮುಂತಾದ ಮುಕ್ತ ಪರವಾನಗಿಯ ಅಕ್ಷರ ಶೈಲಿಗಳಿಗೆ ಹಣ ಕೊಡಬೇಕಾಗಿಲ್ಲ.

ಹೊದಿಕೆಗೆ ಬಂದರೆ ಕೈಸಾಬೂನಿಗೆ ಅದರದೇ ಆದ ತೊಡಕಿದೆ. ಕಾಯಿಸದೆ ತಯಾರಿಸಿದ ಬಿಲ್ಲೆಯು ಅಚ್ಚಿನಿಂದ ತೆಗೆದ ಮೇಲೆ ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಒಣಗಬೇಕು. ಈ ಅವಧಿಯಲ್ಲಿ ನೀರಿನ ಅಂಶ ಆರಿ ಹತ್ತನೇ ಒಂದರಷ್ಟು ತೂಕ ಇಳಿಯುವುದು ಸಾಮಾನ್ಯ. ಬೇಡಿಕೆ ಬಂತೆಂದು ಎರಡನೇ ವಾರದಲ್ಲೇ ತೂಗಿ, '100 ಗ್ರಾಂ' ಎಂದು ಮುದ್ರಿಸಿದ ಹೊದಿಕೆ ಸುತ್ತಿದರೆ ಗಿರಾಕಿಯ ಕೈ ಸೇರುವಾಗ ಅದು 92 ಗ್ರಾಂ ಆಗಿರಬಹುದು. ಸಂಘದವರಿಗೆ ಮೋಸದ ಉದ್ದೇಶ ಇರಲಿಕ್ಕಿಲ್ಲ, ಆದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ತಕ್ಕಡಿ ಉದ್ದೇಶವನ್ನು ತೂಗುವುದಿಲ್ಲ. ಪೂರ್ಣ ಒಣಗಿದ ನಂತರ ತೂಗಿ, ಅಚ್ಚಿಗೆ ಸುರಿಯುವಾಗಲೇ ಇಳಿಕೆಯ ಲೆಕ್ಕ ಹಿಡಿದು, ನಿವ್ವಳ ತೂಕಕ್ಕಿಂತ ತುಸು ಹೆಚ್ಚೇ ಇರುವಂತೆ ಕತ್ತರಿಸುವುದು ಸರಿಯಾದ ಕ್ರಮ. ಹೊದಿಕೆಗೂ ಪ್ಲಾಸ್ಟಿಕ್ ಬಿಗಿದರೆ ಗ್ಲಿಸರಿನ್ ಅಂಶದಿಂದ ಬಿಲ್ಲೆ ಬೆವರುತ್ತದೆ. ಗಾಳಿಯಾಡುವ ಕಂದು ಕಾಗದದ ಪಟ್ಟಿಯೇ ಅಗ್ಗವೂ ಆಗುತ್ತದೆ, ಒಪ್ಪವೂ ಆಗುತ್ತದೆ.

ಲೇಬಲಿನ ಮೇಲೆ ಏನಿರಬೇಕು ಎಂಬುದನ್ನು ವಿನ್ಯಾಸಕಾರರ ಅಭಿರುಚಿಗೆ ಬಿಡುವಂತಿಲ್ಲ. 2011ರ ಪೊಟ್ಟಣ ಸರಕುಗಳ ನಿಯಮ ಹಾಗೂ 2020ರ ಸೌಂದರ್ಯವರ್ಧಕ ನಿಯಮಗಳನ್ನು ಒಟ್ಟಿಗೆ ಓದಿದರೆ ತಯಾರಕರ ಹೆಸರು ಹಾಗೂ ಪೂರ್ಣ ವಿಳಾಸ, ಸರಕಿನ ಸಾಮಾನ್ಯ ಹೆಸರು, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಚಿಲ್ಲರೆ ಬೆಲೆ, ಪ್ರತಿ ಗ್ರಾಂ ಬೆಲೆ, ತಯಾರಿಸಿದ ತಿಂಗಳು ಹಾಗೂ ವರ್ಷ, ಬಳಕೆಯ ಅವಧಿ, ಪರವಾನಗಿ ಸಂಖ್ಯೆ, ಪ್ರಮಾಣದ ಇಳಿಕೆಯ ಕ್ರಮದಲ್ಲಿ ಪದಾರ್ಥಗಳ ಪಟ್ಟಿ, ದೂರಿಗಾಗಿ ದೂರವಾಣಿ ಹಾಗೂ ಇಮೇಲ್ ಬೇಕಾಗುತ್ತವೆ. ಸರಕಿನ ಹೆಸರಿನಲ್ಲೂ ಎಚ್ಚರ ಅಗತ್ಯ. 'ಟಾಯ್ಲೆಟ್ ಸೋಪ್' ಎಂಬುದಕ್ಕೆ ಭಾರತೀಯ ಮಾನಕದಲ್ಲಿ ಒಟ್ಟು ಕೊಬ್ಬಿನ ಅಂಶ, ಅಂದರೆ ಟಿ.ಎಫ್.ಎಂ., ಮೊದಲ ದರ್ಜೆಗೆ ಕನಿಷ್ಠ ಶೇ. 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಇರಬೇಕು. 'ಬೇದಿಂಗ್ ಬಾರ್' ಎಂಬುದಕ್ಕೆ ಬೇರೆ ಮಾನಕವಿದೆ. ಪ್ರಯೋಗಾಲಯದ ವರದಿ ಕೈಗೆ ಬರುವ ಮೊದಲೇ ಸಾವಿರಾರು ಲೇಬಲ್ ಮುದ್ರಿಸಿಡುವುದು ಹಣದ ಪೋಲು.

ಇನ್ನೊಂದು ಅಭ್ಯಾಸವನ್ನು ಸದಸ್ಯರೇ ತಡೆಯಬೇಕಾಗಿದೆ. ಬೇವು, ಅರಿಶಿನ ಹಾಕಿದ ಸಾಬೂನಿನ ಮೇಲೆ 'ಚರ್ಮರೋಗ ನಿವಾರಕ' ಎಂದೋ 'ತೊನ್ನು ವಾಸಿಯಾಗುತ್ತದೆ' ಎಂದೋ ಬರೆಯುವುದುಂಟು. ರೋಗ ವಾಸಿ ಎಂದು ಬರೆದೊಡನೆ ಸಾಬೂನು ಔಷಧದ ಸಾಲಿಗೆ ಸೇರುತ್ತದೆ, ಪರವಾನಗಿಯೂ ಬೇರೆ ಬೇಕಾಗುತ್ತದೆ. ತೊನ್ನಿನಂಥ ಕೆಲವು ಕಾಯಿಲೆಗಳಿಗೆ ಮದ್ದೆಂದು ಜಾಹೀರಾತು ಮಾಡುವುದನ್ನೇ 1954ರ ಕಾಯ್ದೆ ನಿಷೇಧಿಸಿದೆ. 'ರಾಸಾಯನಿಕ ರಹಿತ' ಎಂಬುದೂ ಸತ್ಯವಲ್ಲ. ಕ್ಷಾರವಿಲ್ಲದೆ ಎಣ್ಣೆ ಸಾಬೂನಾಗದು. 'ಕೃತಕ ಬಣ್ಣ ಸೇರಿಸಿಲ್ಲ' ಎಂಬುದು ನಿಜವಾಗಿದ್ದರೆ ಅಷ್ಟನ್ನೇ ಬರೆದರೆ ಸಾಕು.

ಜಾಲತಾಣ

ಮೊದಲ ವರ್ಷದಲ್ಲೇ ಪಾವತಿ ವ್ಯವಸ್ಥೆ, ಗಿರಾಕಿಗಳ ಖಾತೆ, ದಾಸ್ತಾನು ಲೆಕ್ಕ ಎಲ್ಲ ಇರುವ ದೊಡ್ಡ ಅಂಗಡಿ ಜಾಲತಾಣ ಬಹುತೇಕ ಸಂಘಗಳಿಗೆ ಬೇಡ. ಅದನ್ನು ಪ್ರತಿದಿನ ನೋಡಿಕೊಳ್ಳುವವರು ಬೇಕು. ಮುಗಿದುಹೋದ ಸಾಬೂನಿಗೆ ಹಣ ಕಟ್ಟಿಸಿಕೊಂಡು ಕಳುಹಿಸಲಾಗದೆ ಹೋದರೆ ಹೆಸರು ಕೆಡುವುದು ಸಂಘದ್ದು. ನಾಲ್ಕೈದು ಪುಟಗಳ ಸರಳ ಜಾಲತಾಣ, ಅದರ ಜೊತೆ ವಾಟ್ಸ್ಆ್ಯಪ್ ಬಿಸಿನೆಸ್‌ನ ಸರಕು ಪಟ್ಟಿ ಹಾಗೂ ಒಕ್ಕೂಟದ ಬ್ಯಾಂಕ್ ಖಾತೆಗೆ ಸೇರಿದ ಯುಪಿಐ ಕೋಡ್ ಇಷ್ಟರಿಂದ ಆರಂಭಿಸಬಹುದು.

ಅಂಚೆ ವೆಚ್ಚವನ್ನು ಮೊದಲೇ ಲೆಕ್ಕ ಹಾಕಬೇಕು. ಒಂದೇ ಬಿಲ್ಲೆಯನ್ನು ಕಳುಹಿಸುವ ವೆಚ್ಚ ಬಿಲ್ಲೆಯ ಬೆಲೆಯನ್ನೇ ಮೀರಬಹುದು. ಆದುದರಿಂದ ಜಾಲತಾಣದಲ್ಲಿ ನಾಲ್ಕು ಅಥವಾ ಆರು ಬಿಲ್ಲೆಗಳ ಡಬ್ಬಿಯೇ ಮಾರಾಟದ ಘಟಕವಾಗಿರಲಿ, ಅಂಚೆ ವೆಚ್ಚ ಸೇರಿದ ಬೆಲೆಯನ್ನು ಮೊದಲ ಪುಟದಲ್ಲೇ ತೋರಿಸಲಿ. ಪುಟಗಳು ಹಳ್ಳಿಯ ನೆಟ್‌ವರ್ಕಿನಲ್ಲೂ ಬೇಗ ತೆರೆಯುವಂತೆ ಚಿತ್ರಗಳ ಗಾತ್ರ ಕುಗ್ಗಿಸಿರಬೇಕು. ಕನ್ನಡದ ಪಠ್ಯ ಯೂನಿಕೋಡಿನಲ್ಲೇ ಇರಬೇಕು. ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚಾದದ್ದನ್ನು ಹಾಗೆಯೇ ಅಂಟಿಸಿದರೆ ಓದುಗರಿಗೆ ಕಾಣುವುದು ಅರ್ಥವಿಲ್ಲದ ಗುರುತುಗಳು. ಲೇಬಲಿನ ವಿವರಗಳು, ತಯಾರಿಸಿದ ತಿಂಗಳೊಂದನ್ನು ಬಿಟ್ಟು, ಜಾಲತಾಣದಲ್ಲೂ ಕಾಣಬೇಕೆಂದು ಪೊಟ್ಟಣ ನಿಯಮ ಹೇಳುತ್ತದೆ. 2020ರ ಇ-ವಾಣಿಜ್ಯ ನಿಯಮಗಳಂತೆ ದೂರು ಸ್ವೀಕರಿಸುವವರ ಹೆಸರು ಹಾಗೂ ಸಂಪರ್ಕ ಪ್ರಕಟಿಸಿ, ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಹೊರರಾಜ್ಯದ ಗಿರಾಕಿಗೆ ಮಾರುವುದಾದರೆ, ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿಗಿಂತ ಕಡಿಮೆ ಇದ್ದರೂ ಜಿಎಸ್‌ಟಿ ನೋಂದಣಿಯ ಪ್ರಶ್ನೆ ಬರುತ್ತದೆ. ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿಕೊಳ್ಳುವುದು ಲೇಸು.

ಛಾಯಾಚಿತ್ರಗಳು ಸಂಘದ್ದೇ ಆಗಿರಲಿ. ಎಲ್ಲಿಂದಲೋ ತೆಗೆದುಕೊಂಡ ನಯವಾದ ಸಾಬೂನಿನ ಚಿತ್ರ ನೋಡಿ ತರಿಸಿಕೊಂಡವರು ಒರಟು ಬಿಲ್ಲೆ ಕಂಡು ಬೇಸರಪಡುತ್ತಾರೆ. ಒರಟು ಬಿಲ್ಲೆಯನ್ನೇ ಕಿಟಕಿಯ ಬೆಳಕಿನಲ್ಲಿ ತೆಗೆದು ತೋರಿಸಿದರೆ ಅದೇ ಮೆಚ್ಚುಗೆಯಾಗುತ್ತದೆ. ಸದಸ್ಯೆಯರ ಮುಖ ಕಾಣುವ ಚಿತ್ರಕ್ಕೆ ಅವರ ಒಪ್ಪಿಗೆ ಬೇಕು. ಯಾವ ಮಹಿಳೆಯ ಸ್ವಂತ ಮೊಬೈಲ್ ಸಂಖ್ಯೆಯನ್ನೂ ಜಾಲತಾಣದಲ್ಲಿ ಹಾಕಕೂಡದು. ಹಾಕಿದರೆ ಹೊತ್ತಲ್ಲದ ಹೊತ್ತಿನಲ್ಲಿ ಬರುವ ಕರೆಗಳನ್ನು ಸಹಿಸಬೇಕಾದವರು ಅವರು, ಕೊನೆಗೆ ಕೆಲಸ ಬಿಡುವವರೂ ಅವರೇ. ಒಕ್ಕೂಟದ ಹೆಸರಿನಲ್ಲಿ ಒಂದು ಪ್ರತ್ಯೇಕ ಸಿಮ್ ಪಡೆಯುವುದು ದೊಡ್ಡ ಖರ್ಚೇನಲ್ಲ.

ಸ್ವತ್ತು ಯಾರ ಹೆಸರಿನಲ್ಲಿ

ಸದಸ್ಯರು ಹೆಚ್ಚು ಗಮನ ಕೊಡಬೇಕಾದ ಭಾಗ ಇದು. ಹೆಸರು, ಲಾಂಛನ, ಜಾಲತಾಣದ ವಿಳಾಸ ಇವು ಕಣ್ಣಿಗೆ ಕಾಣದಿದ್ದರೂ ಹೊಲಿಗೆ ಯಂತ್ರದಂತೆ, ಎಣ್ಣೆ ಗಾಣದಂತೆ ಸ್ವತ್ತುಗಳೇ. ಯಂತ್ರ ಕೊಂಡರೆ ದಾಸ್ತಾನು ವಹಿಯಲ್ಲಿ ಬರೆಯುತ್ತಾರೆ, ಇವನ್ನು ಯಾರೂ ಬರೆಯುವುದಿಲ್ಲ.

ಹತ್ತು ಮಂದಿಯ ಒಂದು ಸಂಘವನ್ನು ಊಹಿಸಿಕೊಳ್ಳಬಹುದು. ಪಟ್ಟಣದ ಯುವಕನೊಬ್ಬ ಲಾಂಛನ ಬರೆದು, ಜಾಲತಾಣವನ್ನೂ ಮಾಡಿಕೊಡುತ್ತಾನೆ. ವಿಳಾಸವನ್ನು ತನ್ನ ಇಮೇಲಿನಿಂದ, ತನ್ನ ಹೆಸರಿನಲ್ಲೇ ನೋಂದಾಯಿಸುತ್ತಾನೆ. ಅದರಲ್ಲಿ ದುರುದ್ದೇಶವಿಲ್ಲ, ಬೇಗ ಆಗುತ್ತದೆ ಅಷ್ಟೆ. ಎರಡು ವರ್ಷದಲ್ಲಿ ಹೆಸರು ಬೇರೂರುತ್ತದೆ, ಮರುಬೇಡಿಕೆಗಳು ಬರತೊಡಗುತ್ತವೆ. ಮೂರನೆಯ ವರ್ಷ ಯುವಕ ಊರು ಬಿಟ್ಟಿರುತ್ತಾನೆ. ನವೀಕರಣದ ಸೂಚನೆ ಅವನ ಹಳೆಯ ಇಮೇಲಿಗೆ ಹೋಗುತ್ತದೆ. ಅವಧಿ ಮುಗಿದ ವಿಳಾಸವನ್ನು ಬೇರೊಬ್ಬರು ಕೊಳ್ಳುತ್ತಾರೆ. ಲೇಬಲಿನ ಮೇಲೆ ಮುದ್ರಿತ ವಿಳಾಸವನ್ನು ತೆರೆದ ಗಿರಾಕಿಗೆ ಇನ್ನೇನೋ ಕಾಣುತ್ತದೆ. ಹೆಸರಿನ ಮೌಲ್ಯ ಕಂಡ ವ್ಯಾಪಾರಿಯೊಬ್ಬ ಅದೇ ಹೆಸರಿಗೆ ತನ್ನದಾಗಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದರಂತೂ ಸಂಘವು ತನ್ನ ಹೆಸರಿಗಾಗಿ ತಾನೇ ಹೋರಾಡಬೇಕಾಗುತ್ತದೆ. ಮೊದಲು ಬಳಸಿದವರಿಗೆ ಕಾನೂನಿನ ರಕ್ಷಣೆ ಇದೆ ನಿಜ, ಆದರೆ ಮೊದಲ ಬಳಕೆಯನ್ನು ಸಾಬೀತುಪಡಿಸಲು ದಿನಾಂಕವಿರುವ ಬಿಲ್ಲುಗಳು, ಲೇಬಲುಗಳು ಬೇಕು, ವಕೀಲರ ಶುಲ್ಕವೂ ಬೇಕು.

ಇದನ್ನು ತಪ್ಪಿಸುವ ಕ್ರಮಗಳು ದುಬಾರಿಯಲ್ಲ. ಡಾಟ್ ಇನ್ ವಿಳಾಸವನ್ನು ಒಕ್ಕೂಟದ ಹೆಸರಿನಲ್ಲಿ, ಒಕ್ಕೂಟದ ಇಮೇಲ್ ಹಾಗೂ ಒಕ್ಕೂಟದ ಸಿಮ್ ಬಳಸಿ ನೋಂದಾಯಿಸಬೇಕು. ಅಧ್ಯಕ್ಷರ ಸ್ವಂತ ಸಂಖ್ಯೆಯನ್ನು ಕೊಟ್ಟಿದ್ದರೆ, ಪದಾಧಿಕಾರಿಗಳು ಬದಲಾದ ದಿನದಿಂದ ಒಟಿಪಿ ಮಾಜಿ ಅಧ್ಯಕ್ಷರ ಮನೆಗೆ ಹೋಗುತ್ತಿರುತ್ತದೆ. ಅವರು ಮುನಿಸಿಕೊಂಡಿದ್ದರೆ ಜಾಲತಾಣಕ್ಕೆ ಬೀಗ ಬಿದ್ದಂತೆಯೇ. ಪ್ರವೇಶದ ಗುಪ್ತಪದಗಳನ್ನು ಮುಚ್ಚಿದ ಲಕೋಟೆಯಲ್ಲಿ ಇಬ್ಬರ ಸಹಿಯೊಂದಿಗೆ ಒಕ್ಕೂಟದ ಬೀರುವಿನಲ್ಲಿ ಇಡುವುದು ಹಳೆಯ ರೀತಿಯಾದರೂ ನಡೆಯುತ್ತದೆ.

ವಿನ್ಯಾಸಕಾರರೊಂದಿಗಿನ ಒಪ್ಪಂದ ಬರಹದಲ್ಲೇ ಇರಬೇಕು. ಹೊರಗಿನವರು ಬರೆದುಕೊಟ್ಟ ಲಾಂಛನದ ಕೃತಿಸ್ವಾಮ್ಯವು ಹಣ ಕೊಟ್ಟ ಮಾತ್ರಕ್ಕೆ ಸಂಘಕ್ಕೆ ಬರುತ್ತದೆ ಎಂದು ಭಾವಿಸಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂನಂತೆ ಹಸ್ತಾಂತರ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಪರಿಗಣಿಸಲಾಗುತ್ತದೆ. ಆದಕಾರಣ 'ಕೃತಿಸ್ವಾಮ್ಯದ ಪೂರ್ಣಾವಧಿಗೆ, ಎಲ್ಲ ಪ್ರದೇಶಗಳಿಗೆ' ಎಂಬ ಪದಗಳು ಒಪ್ಪಂದದಲ್ಲಿ ಇವೆಯೇ ಎಂದು ಸದಸ್ಯರು ಬೆರಳಿಟ್ಟು ನೋಡಬೇಕು. ಲಾಂಛನದ ಮೂಲ ಕಡತಗಳು, ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯದಂಥವು, ಪೆನ್ ಡ್ರೈವಿನಲ್ಲಿ ಕೈಸೇರಿದ ಮೇಲೆಯೇ ಕೊನೆಯ ಕಂತು ಪಾವತಿಯಾಗಲಿ. ಮೊಬೈಲಿಗೆ ಕಳುಹಿಸಿದ ಚಿತ್ರವೊಂದನ್ನೇ ಪಡೆದು ಬಿಲ್ಲು ಮಂಜೂರು ಮಾಡುವುದು ರಸ್ತೆ ನೋಡದೆ ಅಳತೆ ಪುಸ್ತಕಕ್ಕೆ ಸಹಿ ಹಾಕಿದಂತೆ.

ಟ್ರೇಡ್‌ಮಾರ್ಕ್ ಅರ್ಜಿಯಲ್ಲಿ ಅರ್ಜಿದಾರರ ಹೆಸರಿನ ಜಾಗವೂ ಅಷ್ಟೇ ಮುಖ್ಯ. ಒಕ್ಕೂಟ ನೋಂದಣಿಯಾಗಿದ್ದರೆ ಅದರ ಹೆಸರೇ ಬರಲಿ. ಸಂಘದ ಕಾರ್ಯದರ್ಶಿಯ ಹೆಸರಿನಲ್ಲೋ, ಅವರ ಪತಿಯ ಹೆಸರಿನಲ್ಲೋ, ಸಹಾಯ ಮಾಡಿದ ಸಂಸ್ಥೆಯ ಹೆಸರಿನಲ್ಲೋ 'ಸದ್ಯಕ್ಕೆ ಹಾಕಿಬಿಡೋಣ' ಎಂಬ ಸಲಹೆ ಬಂದಾಗ ಅದನ್ನು ಒಪ್ಪದಿರುವುದೇ ಪಂಚಾಯಿತಿ ಮಾಡಬಹುದಾದ ದೊಡ್ಡ ನೆರವು.

ಪಂಚಾಯಿತಿಯ ಪಾತ್ರ ಸೀಮಿತ, ಆದರೆ ಉಪಯುಕ್ತ. ಚಿತ್ರ ತೆಗೆಯಲು, ಬೆಲೆಪಟ್ಟಿ ಬದಲಿಸಲು ಅರಿವು ಕೇಂದ್ರದ ಗಣಕಯಂತ್ರವನ್ನು ವಾರಕ್ಕೊಂದು ಹೊತ್ತು ಸಂಘಕ್ಕೆ ಬಿಟ್ಟುಕೊಡಬಹುದು. ಬ್ರ್ಯಾಂಡಿಂಗ್ ವೆಚ್ಚದ ಪ್ರಸ್ತಾವನೆ ಬಂದಾಗ ಒಂದೇ ಸಾಲಿನ ಮೊತ್ತವನ್ನು ಹಿಂತಿರುಗಿಸಿ, ಒಮ್ಮೆ ಮಾತ್ರ ಬರುವ ವಿನ್ಯಾಸ ಹಾಗೂ ನೋಂದಣಿ ವೆಚ್ಚ ಬೇರೆ, ಪ್ರತಿವರ್ಷ ಬರುವ ವಿಳಾಸ ಹಾಗೂ ಹೋಸ್ಟಿಂಗ್ ಶುಲ್ಕ ಬೇರೆ ಎಂದು ವಿಂಗಡಿಸಿ ತರಲು ಕೇಳಬಹುದು. ಎರಡನೇ ವರ್ಷದ ಶುಲ್ಕ ಯಾವ ಲಾಭದಿಂದ ಬರುತ್ತದೆ ಎಂಬುದಕ್ಕೆ ಸಂಘದ ಬಳಿ ಉತ್ತರವಿಲ್ಲದಿದ್ದರೆ ಜಾಲತಾಣವನ್ನು ಒಂದು ವರ್ಷ ಮುಂದೂಡಿ, ಆ ಹಣವನ್ನು ಪರವಾನಗಿ ಹಾಗೂ ಟ್ರೇಡ್‌ಮಾರ್ಕ್ ಅರ್ಜಿಗೆ ಬಳಸುವುದೇ ಸೂಕ್ತ. ಈಗಾಗಲೇ ಜಾಲತಾಣ ಇರುವ ಸಂಘಗಳ ವಿಷಯದಲ್ಲಿ, ವಿಳಾಸ ಯಾರ ಹೆಸರಿನಲ್ಲಿದೆ, ಯಾವ ದಿನಾಂಕಕ್ಕೆ ನವೀಕರಣ ಬೀಳುತ್ತದೆ ಎಂಬ ಎರಡು ವಿವರಗಳನ್ನು ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರಿಂದ ಮುಂದಿನ ಸಭೆಯೊಳಗೆ ಪಡೆದು, ಆಸ್ತಿ ವಹಿಯಲ್ಲಿ ಯಂತ್ರಗಳ ಸಾಲಿನ ಕೆಳಗೆ ಬರೆಸತಕ್ಕದ್ದು.